ಗೋಲಿಯ ಮೈಮೇಲಿನ ಕತ್ತರಿ ಗುರುತು

ಕಲಬುರಗಿಯ ಶಹಾಬಜಾರ, ಮೋಮಿನಪುರ, ರೋಜಾ ಕಡೆ ಹಳೆಯ ಮನೆಯೊಂದನ್ನು ಕೆಡವಿ ಕಟ್ಟಲು ಹೊರಟರೆ ಮೊದಲು ಹೊರಬರುವುದು ಟ್ರಂಕು. ಅದರ ತಳದಲ್ಲಿ ಹಿತ್ತಾಳೆ ತಂಬಿಗೆ, ಗಾಜು ಒಡೆದ ಕಂದೀಲು, ನಿಜಾಮರ ಕಾಲದ ತೂತಿನ ಕಾಸು, ಇವುಗಳ ನಡುವೆ ಬಟ್ಟೆ ಚೀಲವೊಂದರಲ್ಲಿ ಒಂದು ಹಿಡಿ ಗಾಜಿನ ಗೋಲಿ. ತಂಬಿಗೆ ತೂಕಕ್ಕೆ ಹೋಗುತ್ತದೆ, ಕಾಸು ಯಾರದೋ ಸಂಗ್ರಹ ಸೇರುತ್ತದೆ. ಗೋಲಿಗಳನ್ನು ಮೊದಲೆಲ್ಲ ಮಕ್ಕಳ ಕೈಗೆ ಕೊಟ್ಟು ಮರೆಯುತ್ತಿದ್ದರು. ಈಗ ಹಾಗಾಗುತ್ತಿಲ್ಲ. ಹಳೆಯ ಗಾಜಿನ ಗೋಲಿಗಳನ್ನು ಅಮೆರಿಕದಲ್ಲಿ ಹರಾಜಿನಲ್ಲಿ ಕೊಳ್ಳುತ್ತಾರೆ, ಅಪರೂಪದ ಒಂದಕ್ಕೆ ಸಾವಿರಾರು ಡಾಲರ್ ಕೊಡುವವರೂ ಇದ್ದಾರೆ ಎಂಬ ಸುದ್ದಿ ಮೊಬೈಲಿನ ಮೂಲಕ ಎಲ್ಲರಿಗೂ ತಲುಪಿದೆ. ಆದ್ದರಿಂದ ಗೋಲಿ ಕೈಗೆ ಸಿಕ್ಕ ತಕ್ಷಣ ಅದರ ಫೋಟೊ ತೆಗೆಯುತ್ತಾರೆ. ಮಾರುವವನ ಮಾತು ಮಾತ್ರ ಎಲ್ಲ ಕಡೆಯೂ ಒಂದೇ: "ಇದು ನಮ್ ಮುತ್ಯಾನ ಕಾಲದ್ದು ಅದರೀ."

ಮುತ್ಯಾನ ಕಾಲದ್ದೇ ಇರಬಹುದು. ಆದರೆ ಮುತ್ಯಾ ಆಡಿದ ಗೋಲಿ ಕೈಯಿಂದ ಮಾಡಿದ್ದೇ, ಯಂತ್ರದಿಂದ ಬಂದದ್ದೇ, ಅಥವಾ ಹೋದ ವರ್ಷ ಎಲ್ಲೋ ಕುಲುಮೆಯಲ್ಲಿ ಹುಟ್ಟಿ ಹಳೆಯದರ ವೇಷ ತೊಟ್ಟದ್ದೇ? ಇದಕ್ಕೆ ಉತ್ತರ ಮಾರುವವನ ಕತೆಯಲ್ಲಿ ಸಿಗುವುದಿಲ್ಲ, ಗೋಲಿಯ ಮೈಮೇಲೆ ಸಿಗುತ್ತದೆ. ಅದನ್ನು ಓದಲು ಬೇಕಾಗುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಳ್ಳೆಯ ಬಿಸಿಲು ಮತ್ತು ಗೋಲಿ ಹೇಗೆ ಹುಟ್ಟುತ್ತದೆಂಬ ತಿಳಿವಳಿಕೆ. ಬಿಸಿಲಿಗಂತೂ ಕಲಬುರಗಿಯಲ್ಲಿ ಬರವಿಲ್ಲ. ಮೂರನೆಯದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಉರುಟು ಕಲ್ಲು, ಸುಟ್ಟ ಮಣ್ಣಿನ ಗುಂಡುಗಳಿಂದ ಆಡುವುದು ಬಹಳ ಹಳೆಯದು. ಹರಪ್ಪ, ಮೊಹೆಂಜೊದಾರೊಗಳ ಉತ್ಖನನದಲ್ಲೂ ಕಲ್ಲಿನ ಸಣ್ಣ ಗುಂಡುಗಳು ಸಿಕ್ಕಿವೆ. ಗಾಜಿನ ಗೋಲಿ ಜಗತ್ತಿನ ಮಕ್ಕಳ ಕೈಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಮಾತ್ರ 19ನೇ ಶತಮಾನದಲ್ಲಿ, ಜರ್ಮನಿಯ ತುರಿಂಜಿಯಾ ಬೆಟ್ಟಗಾಡಿನ ಲೌಷಾ ಎಂಬ ಊರಿನಿಂದ. 1597ರಿಂದ ಗಾಜಿನ ಕುಲುಮೆ ಉರಿಯುತ್ತಿದ್ದ ಊರದು. 1840ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಕುಶಲಕರ್ಮಿಗಳ ಕೈಗೆ ಒಂದು ಹೊಸ ಸಲಕರಣೆ ಬಂತು. ಅದೊಂದು ಕತ್ತರಿ. ಅದರ ಒಂದು ತುದಿಯಲ್ಲಿ ಸಣ್ಣ ಬಟ್ಟಲು, ಇನ್ನೊಂದರಲ್ಲಿ ಅಲಗು. ಅಷ್ಟರಿಂದಲೇ ಗೋಲಿ ಅಗ್ಗವಾಯಿತು, ಊರೂರಿಗೆ ಹರಡಿತು.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಕಬ್ಬಿಣದ ಸಲಾಕೆಯ ತುದಿಗೆ ಕರಗಿದ ಗಾಜಿನ ಮುದ್ದೆ ತೆಗೆದುಕೊಳ್ಳುತ್ತಾರೆ. ಅದರ ಸುತ್ತ ಬಣ್ಣದ ಗಾಜಿನ ಸಣ್ಣ ಕಡ್ಡಿಗಳನ್ನು ಅಂಟಿಸುತ್ತಾರೆ. ಮೇಲೆ ಮತ್ತೆ ತಿಳಿ ಗಾಜಿನ ಹೊದಿಕೆ, ಬೇಕಾದರೆ ಇನ್ನೊಂದು ಸುತ್ತು ಬಣ್ಣದ ಕಡ್ಡಿ. ಹೀಗೆ ಪದರ ಕಟ್ಟಿದ ಮುದ್ದೆಯನ್ನು ಎಳೆದು, ಎಳೆಯುತ್ತಲೇ ತಿರುವಿದರೆ ಉದ್ದನೆಯ ಗಾಜಿನ ಕೋಲು ಸಿದ್ಧ. ಒಳಗಿನ ಬಣ್ಣದ ಎಳೆಗಳೆಲ್ಲ ಆ ತಿರುವಿನಲ್ಲಿ ಹೆಣೆದುಕೊಂಡಿರುತ್ತವೆ. ಕೋಲಿನ ಬಿಸಿ ತುದಿಯನ್ನು ಕತ್ತರಿಯ ಬಟ್ಟಲಿಗಿಟ್ಟು ತಿರುಗಿಸಿದರೆ ಅದು ಗುಂಡಗಾಗುತ್ತದೆ. ಆಮೇಲೆ ಅಲಗು ಒತ್ತಿದರೆ ಗೋಲಿ ಬೇರೆ, ಕೋಲು ಬೇರೆ. ಕೊನೆಗೆ ಗೋಲಿ ಸಿಡಿಯದಂತೆ ನಿಧಾನವಾಗಿ ಆರಿಸುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೋಲಿನಿಂದ ಬೇರೆಯಾದ ಗೋಲಿಗೆ ಒಂದು ತುದಿಯಲ್ಲಿ ಹಿಂದಿನ ಗೋಲಿಯನ್ನು ಕತ್ತರಿಸಿದ ಗುರುತು, ಎದುರು ತುದಿಯಲ್ಲಿ ತನ್ನನ್ನೇ ಕತ್ತರಿಸಿದ ಗುರುತು ಉಳಿಯುತ್ತದೆ. ಅಂದರೆ ಎರಡು ಗಾಯ, ಒಂದಕ್ಕೊಂದು ಎದುರುಬದುರು. ಕೋಲಿನ ತುದಿಯ ಗೋಲಿಗೆ ಮಾತ್ರ ಕೆಲವೊಮ್ಮೆ ಒಂದೇ ಗುರುತು. ಕೆಲವು ಗೋಲಿಗಳಲ್ಲಿ ಈ ಗುರುತನ್ನು ಚಕ್ರಕ್ಕೆ ಹಿಡಿದು ಉಜ್ಜಿರುತ್ತಾರೆ. ಅಲ್ಲಿ ಸಣ್ಣ ಸಣ್ಣ ಮುಖಗಳಂತೆ ಚಪ್ಪಟೆ ಜಾಗ ಕಾಣುತ್ತದೆ. ಉಜ್ಜದೆ ಬಿಟ್ಟಲ್ಲಿ ಗಾಜು ಮುರಿದ, ಮಡಿಚಿದ, ಒರಟು ಚುಕ್ಕೆ ಬೆರಳಿಗೇ ಸಿಗುತ್ತದೆ. ಕಣ್ಣು ಮುಚ್ಚಿ ಗೋಲಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉರುಳಿಸಿದರೂ ಅದು ತಡೆಯುತ್ತದೆ.

ಗುರುತು ಸಿಕ್ಕ ಮೇಲೆ ಬಣ್ಣದ ಎಳೆಗಳನ್ನು ಹಿಂಬಾಲಿಸಬೇಕು. ಕೋಲಿನಿಂದ ಬಂದ ಗೋಲಿಯಲ್ಲಿ ಎಳೆಗಳು ಒಂದು ಕತ್ತರಿ ಗುರುತಿನಲ್ಲಿ ಹುಟ್ಟಿ, ತಿರುಚುತ್ತ ಸಾಗಿ, ಎದುರಿನ ಗುರುತಿನಲ್ಲಿ ಮುಗಿಯುತ್ತವೆ. ಒಳಗೆ ಗಾಳಿಯ ಗುಳ್ಳೆ ಇದ್ದರೆ ಅದೂ ಸಾಮಾನ್ಯವಾಗಿ ಗುಂಡಗಿರುವುದಿಲ್ಲ. ಕೋಲು ಎಳೆದ ದಿಕ್ಕಿನಲ್ಲಿ ಉದ್ದವಾಗಿ, ಎಳೆಗಳ ಜೊತೆಗೇ ಬಾಗಿರುತ್ತದೆ. ಕೆಲವು ಗೋಲಿಗಳ ನಡುವೆ ಬಿಳಿಯ ಅಥವಾ ಹಳದಿಯ ನೂಲಿನ ಬಲೆ ಇರುತ್ತದೆ. ಇನ್ನು ಕೆಲವಕ್ಕೆ ನಡುವೆ ಬಣ್ಣದ ಗಟ್ಟಿ ದಿಂಡು, ಮತ್ತೆ ಕೆಲವಕ್ಕೆ ಅಗಲವಾದ ಒಂದೇ ಪಟ್ಟಿ. ಯಾವುದೇ ಇದ್ದರೂ ನಿಯಮ ಒಂದೇ: ಎಳೆಯ ಆರಂಭ ಮತ್ತು ಕೊನೆ ಎರಡೂ ಗುರುತಿನ ಬಳಿಯೇ. ಈ ಲೆಕ್ಕ ತಪ್ಪಿದ ಗೋಲಿಯನ್ನು ಲೌಷಾದ್ದೆಂದು ಯಾರೇ ಹೇಳಲಿ, ಕೈಯಲ್ಲಿನ ಹಣವನ್ನು ಜೇಬಿಗೆ ಹಾಕಿಕೊಳ್ಳುವುದೇ ಒಳ್ಳೆಯದು.

ಈ ಕೈಗಾರಿಕೆಯನ್ನು ಮುಗಿಸಿದ್ದು ಒಂದು ಯಂತ್ರ ಮತ್ತು ಒಂದು ಯುದ್ಧ. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿದ್ದ ಡೆನ್ಮಾರ್ಕ್ ಮೂಲದ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಗುಂಡು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಕುಲುಮೆಯಿಂದ ಗಾಜನ್ನು ತೆಗೆಯುವುದು ಆಗಲೂ ಕೈಯಿಂದಲೇ, ಗುಂಡಗೆ ಮಾಡುವುದು ಮಾತ್ರ ಚಕ್ರಗಳ ಕೆಲಸ. ಆ ಮೊದಲ ತಲೆಮಾರಿನ ಗೋಲಿಗಳ ತಲೆಯ ಮೇಲೆ ಬಣ್ಣದ ಸುರುಳಿ ಇಂಗ್ಲಿಷಿನ ಒಂಬತ್ತರ ಅಂಕಿಯಂತೆ ಸುತ್ತಿ, ಕೆಳಗೆ ಬಾಲದಂತೆ ಇಳಿದಿರುತ್ತದೆ. ಆಮೇಲೆ ಅಕ್ರೊ ಅಗೇಟ್ ಮುಂತಾದ ಕಂಪನಿಗಳು ತೋಡು ಕೊರೆದ ಉರುಳೆಗಳ ಮೇಲೆ ಬಿಸಿ ಗಾಜಿನ ತುಂಡುಗಳನ್ನು ಉರುಳಿಸಿ ಗೋಲಿ ತೆಗೆಯತೊಡಗಿದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಯ ಸರಕು ನಿಂತಿತು. ಯುದ್ಧ ಮುಗಿಯುವಷ್ಟರಲ್ಲಿ ಮಾರುಕಟ್ಟೆ ಯಂತ್ರದ ಕೈಗೆ ಹೋಗಿತ್ತು. ಎರಡನೇ ಮಹಾಯುದ್ಧದ ನಂತರ, 1950ರ ದಶಕದಲ್ಲಿ, ಜಪಾನ್ ಬೆಕ್ಕಿನ ಕಣ್ಣಿನ ಗೋಲಿಯನ್ನು ಹೊಳೆಯಂತೆ ಹರಿಸಿತು. ತಿಳಿ ಗಾಜಿನ ನಡುವೆ ಬಣ್ಣದ ಎಸಳುಗಳಿರುವ ಆ ಗೋಲಿ ಇಂದಿಗೂ ನಮ್ಮ ಅಂಗಡಿಗಳಲ್ಲಿದೆ.

ಬೆಕ್ಕಿನ ಕಣ್ಣನ್ನು ಗುರುತಿಸಲು ಭೂತಗನ್ನಡಿಯೂ ಬೇಡ. ಅದರ ಎಸಳುಗಳು ಗಾಜಿನ ಒಳಗೇ ಮುಗಿಯುತ್ತವೆ, ಮೇಲ್ಮೈಯನ್ನು ಮುಟ್ಟುವುದಿಲ್ಲ. ಮೈಮೇಲೆ ಕತ್ತರಿ ಗುರುತೂ ಇಲ್ಲ. ಕಲಬುರಗಿಯ ಟ್ರಂಕುಗಳಿಂದ ಹೊರಬರುವ ಚೀಲದಲ್ಲಿ ಬಣ್ಣದ ಎಳೆಯ ಗೋಲಿಗಳ ಪೈಕಿ ಹತ್ತಕ್ಕೆ ಒಂಬತ್ತು ಇಂಥವೇ ಇದ್ದರೆ ಆಶ್ಚರ್ಯಪಡಬೇಕಿಲ್ಲ. ಅಂದರೆ ಅವು ಹುಟ್ಟಿದ್ದು 1950ರ ಈಚೆಗೆ. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತದೊಳಗೆ ಸೇರಿದ ಮೇಲಿನವು. ಮುತ್ಯಾ ಆಡಿದ್ದು ನಿಜ, ಆದರೆ ನಿಜಾಮರ ಕಾಲದಲ್ಲಿ ಆಡಿದ್ದಲ್ಲ.

ಹಾಗಾದರೆ ಜರ್ಮನಿಯ ಕೈಗೋಲಿ ಈ ಊರಿಗೆ ಬರಲು ದಾರಿಯೇ ಇರಲಿಲ್ಲವೆ? ದಾರಿ ಇತ್ತು. ಮುಂಬೈಯಿಂದ ಕಲಬುರಗಿಯ ಮೇಲೆ ಹಾದ ರೈಲು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಬಂದರಿಗಿಳಿದ ಯುರೋಪಿನ ಗಾಜಿನ ಸಾಮಾನು ರೈಲಿನಲ್ಲಿ ದಖ್ಖನಿನ ಒಳನಾಡಿಗೆ ಬರುತ್ತಿದ್ದ ಕಾಲ ಅದು. ಆದ್ದರಿಂದ ಚೀಲದಲ್ಲಿ ಒಂದೆರಡು ಕತ್ತರಿ ಗುರುತಿನ ಗೋಲಿ ಸಿಗುವುದು ಅಸಾಧ್ಯವೇನಲ್ಲ. ಆದರೆ ಸಿಕ್ಕಿದ್ದನ್ನೆಲ್ಲ ಜರ್ಮನಿಯದೆನ್ನುವ ಮೊದಲು ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕಬೇಕಾಗುತ್ತದೆ. ಉತ್ತರ ಪ್ರದೇಶದ ಫಿರೋಜಾಬಾದ್, ಪುರ್ದಿಲನಗರಗಳಲ್ಲಿ ಬಳೆ, ಮಣಿಗಳ ಕೈಕೆಲಸ ಇಂದೂ ನಡೆಯುತ್ತಿದೆ. (ಭೀಮಾ ದಂಡೆಯ ಮೇಲೆ ಫಿರೋಜ್ ಶಾ ಬಹಮನಿ ಕಟ್ಟಿಸಿದ ನಮ್ಮ ಫಿರೋಜಾಬಾದ್ ಬೇರೆ. ಅಲ್ಲಿ ಉಳಿದಿರುವುದು ಕೋಟೆ ಗೋಡೆ, ಮಸೀದಿ, ಹಮಾಮುಗಳ ಅವಶೇಷ.) ಬಣ್ಣದ ಗಾಜನ್ನು ಕಡ್ಡಿಯಾಗಿ ಎಳೆಯುವ, ಕತ್ತರಿಸುವ, ಉರುಳಿಸುವ ಕೈಗಳು ಎಲ್ಲಿವೆಯೋ ಅಲ್ಲಿ ಕತ್ತರಿ ಗುರುತಿನ ಗೋಲಿ ಇವತ್ತೂ ಹುಟ್ಟಬಲ್ಲದು. ಗುರುತು ಹೇಳುವುದು ಕೈಕೆಲಸ ಎಂಬುದನ್ನು ಮಾತ್ರ. ವಯಸ್ಸನ್ನು ಬೇರೆ ಸಾಕ್ಷಿಗಳಿಂದಲೇ ತಿಳಿಯಬೇಕು.

ನಮ್ಮ ನೆಲಕ್ಕೆ ಗಾಜಿನ ಕೈಕೆಲಸ ಹೊರಗಿನಿಂದ ಬಂದದ್ದೇನಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಕಲಬುರಗಿ 1347ರಿಂದ ಸುಮಾರು ಮುಕ್ಕಾಲು ಶತಮಾನ ಬಹಮನಿ ರಾಜಧಾನಿಯಾಗಿತ್ತು. ಅದೇ ರಾಜ್ಯಕ್ಕೆ ಸೇರಿದ್ದ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವನ್ನು 1945–46ರಲ್ಲಿ ಎಚ್.ಡಿ. ಸಾಂಕಳಿಯಾ, ಎಂ.ಜಿ. ದೀಕ್ಷಿತ್ ಅಗೆದಾಗ ಬಹಮನಿ ಕಾಲದ ಬಣ್ಣಬಣ್ಣದ ಗಾಜಿನ ಬಳೆಗಳು ಸಿಕ್ಕವು. ಒಂದು ಬಣ್ಣದ ಗಾಜಿನ ಮೇಲೆ ಇನ್ನೊಂದು ಬಣ್ಣದ ಎಳೆ ಕೂರಿಸುವ ಕೌಶಲ ಆ ಬಳೆಗಳಲ್ಲಿ ಎದ್ದು ಕಾಣುತ್ತದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ಕಾಯಿಸುವ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಅಲ್ಲಿ ಗಾಜಿಗೆ ಬೇಕಾದ ಕ್ಷಾರವನ್ನು ನೆಲದ ಚೌಳಿನಿಂದಲೇ ತೆಗೆಯುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು ಆ ಒಂದೇ ಊರಲ್ಲಿ ಆಗುತ್ತಿತ್ತು. ಹಳೆಯ ಮನೆಯ ಪಾಯ ಅಗೆಯುವಾಗ ಗೋಲಿಯ ಪಕ್ಕದಲ್ಲಿ ಬಿದ್ದಿರುವ ಬಳೆಚೂರನ್ನು ಕಸವೆಂದು ಎಸೆಯುವುದು ಅನ್ಯಾಯ. ಹಲವು ಸಲ ಆ ಚೂರೇ ಗೋಲಿಗಿಂತ ಶತಮಾನಗಳಷ್ಟು ಹಿರಿಯದಾಗಿರಬಹುದು.

ಇನ್ನು ಬಣ್ಣದ ಮಾತು. ಹೊಸಬರು ಮೋಸ ಹೋಗುವುದು ಇಲ್ಲಿಯೇ. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದರೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಭೌಗೋಳಿಕ ಗುರುತೂ ಇದೆ. ಆದರೆ ಕೆಂಪು ಸಿಪ್ಪೆಯ ಬಾಳೆ ಕೇರಳದಲ್ಲೂ ಬೆಳೆಯುತ್ತದೆ, ತಮಿಳುನಾಡಿನಲ್ಲೂ ಬೆಳೆಯುತ್ತದೆ. ಸಿಪ್ಪೆ ಕೆಂಪಗಿದೆ ಎಂದಷ್ಟಕ್ಕೆ ಕಮಲಾಪುರದ ರೈತ ಅದನ್ನು ತನ್ನೂರಿನದೆಂದು ಒಪ್ಪುವುದಿಲ್ಲ. ಗೋಲಿಯ ಬಣ್ಣವೂ ಹಾಗೆಯೇ. ಗಾಢ ನೀಲಿಗೆ ಕೋಬಾಲ್ಟ್, ನೇರಳೆಗೆ ಮ್ಯಾಂಗನೀಸ್, ಹಸಿರಿಗೆ ಕಬ್ಬಿಣ ಅಥವಾ ತಾಮ್ರ ಎಂಬ ಲೆಕ್ಕ ನೂರೈವತ್ತು ವರ್ಷದ ಹಿಂದೆ ಹೇಗಿತ್ತೋ ಇಂದೂ ಹಾಗೇ ಇದೆ. ಇಂದಿನ ಕುಶಲಕರ್ಮಿ ಬೇಕೆಂದರೆ ಹಳೆಯ ನೀಲಿಯನ್ನು ಹುಬೇಹೂಬು ತರಬಲ್ಲ.

ಬಣ್ಣ ಸಹಾಯಕ್ಕೆ ಬರುವುದು ತಿರುಗುಮುರುಗಾಗಿ: ಹಳೆಯದೆಂದು ಸಾಬೀತು ಮಾಡಲು ಅದರಿಂದಾಗದು, ಹೊಸದೆಂದು ಹಿಡಿದುಕೊಡಲು ಆಗುತ್ತದೆ. ಉರಿಯುವ ಕಿತ್ತಳೆ, ರಕ್ತಗೆಂಪು, ಕಣ್ಣು ಕುಕ್ಕುವ ಹಳದಿ ಕೊಡುವ ಕ್ಯಾಡ್ಮಿಯಂ–ಸೆಲೆನಿಯಂ ಗಾಜು ಹರಡಿದ್ದು 20ನೇ ಶತಮಾನದಲ್ಲಿ. ನೋಡುವ ಕೋನ ಬದಲಾದಂತೆ ನವಿಲುಗರಿಯ ಹಾಗೆ ಬಣ್ಣ ಬದಲಿಸುವ ಲೋಹದ ತೆಳು ಪೊರೆ ಒಳಗಿದ್ದರೆ ಅದು ಇತ್ತೀಚಿನ ಕಲಾಗೋಲಿಯೇ. ಚಿನ್ನದ ಪುಡಿಯಂತೆ ಮಿನುಗುವ ಪಟ್ಟಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅದು ಚಿನ್ನವಲ್ಲ, ಗಾಜಿನೊಳಗೆ ಹರಳುಗಟ್ಟಿದ ತಾಮ್ರ. 19ನೇ ಶತಮಾನದ ಜರ್ಮನ್ ಗೋಲಿಗಳಲ್ಲೂ ಇತ್ತು. ಅಮೆರಿಕದ ಗಾಜುಗಾರ ನಿಕೊಲಸ್ ಲುಟ್ಜ್ ಹೆಸರಿನಿಂದ ಸಂಗ್ರಹಕಾರರು ಅವನ್ನು ಲುಟ್ಜ್ ಎಂದೇ ಕರೆಯುತ್ತಾರೆ. ಆದರೆ ಅವು ಜರ್ಮನಿಯಲ್ಲಿ ಆದವೆಂದೇ ಈಗಿನ ತಜ್ಞರ ಅಭಿಪ್ರಾಯ. ಬೆಲೆ ಹೆಚ್ಚು ಬರುವುದರಿಂದ ನಕಲು ಮಾಡುವವರಿಗೂ ಇದರ ಮೇಲೆ ಮೋಹ ಹೆಚ್ಚು. ತಿಳಿ ಗಾಜಿನ ನಡುವೆ ಪ್ರಾಣಿಯದೋ ಮನುಷ್ಯನದೋ ಬಿಳಿ ಗೊಂಬೆ ಕೂತಿರುವ ದೊಡ್ಡ ಗೋಲಿಗಳ ಕತೆಯೂ ಇದೇ. ಹಳೆಯದರಲ್ಲಿ ಆ ಗೊಂಬೆ ಪಿಂಗಾಣಿ ಮಣ್ಣಿನದು. ಸುತ್ತ ಸಿಕ್ಕಿಕೊಂಡ ಗಾಳಿಯ ತೆಳು ಪೊರೆಯಿಂದಾಗಿ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಎಷ್ಟೋ ಸಲ ನಟ್ಟನಡುವೆ ಕೂರದೆ ಸ್ವಲ್ಪ ವಾಲಿರುತ್ತದೆ.

ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಡುವ ನೇರಳಾತೀತ ದೀಪವನ್ನು ಕತ್ತಲಲ್ಲಿ ಗೋಲಿಯ ಮೇಲೆ ಹಿಡಿಯುವ ರೂಢಿಯೂ ಇದೆ. ಯುರೇನಿಯಂ ಬೆರೆತ ಗಾಜು ಕಡು ಹಸಿರಾಗಿ ಬೆಳಗುತ್ತದೆ. ಗಾಜಿನ ಹಸಿರು ಛಾಯೆ ಕಳೆಯಲು ಹಿಂದಿನವರು ಹಾಕುತ್ತಿದ್ದ ಮ್ಯಾಂಗನೀಸ್ ಇದ್ದರೆ ಮಸುಕು ಹಸಿರು ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಮ್ಯಾಂಗನೀಸ್ ಬಿಟ್ಟು ಸೆಲೆನಿಯಂ ಹಿಡಿದ ಕಾರ್ಖಾನೆಗಳೇ ಹೆಚ್ಚು, ಹೀಗಾಗಿ ಆ ಮಸುಕು ಬೆಳಕಿಗೆ ಒಂದಿಷ್ಟು ಬೆಲೆಯಿದೆ. ಆದರೆ ಹಳೆಯ ಗಾಜಿನ ಚೂರನ್ನು ಕರಗಿಸಿ ಹೊಸ ಗೋಲಿ ಮಾಡಿದರೂ ಅದು ಬೆಳಗುತ್ತದೆ. ದೀಪವೊಂದನ್ನೇ ನಂಬಿ ದುಡ್ಡು ಕೊಡುವುದು ತರವಲ್ಲ.

ದೀಪಕ್ಕಿಂತ ನಂಬಬಹುದಾದದ್ದು ಸವೆತ. ಗೋಲಿ ಅಲಂಕಾರದ ವಸ್ತುವಾಗಿ ಹುಟ್ಟಿದ್ದಲ್ಲ, ಹೊಡೆಯಲು ಹುಟ್ಟಿದ್ದು. ತಗ್ಗು ತೋಡಿ, ಗೆರೆ ಎಳೆದು, ನಡುಬೆರಳನ್ನು ಬಿಲ್ಲಿನ ಹಾಗೆ ಹಿಂದೆ ಜಗ್ಗಿ ಹೊಡೆದಾಗ ಗಾಜಿಗೆ ಗಾಜು ತಾಗುತ್ತದೆ. ತಾಗಿದಲ್ಲಿ ಮೇಲ್ಮೈಯ ಕೆಳಗೆ ಅರ್ಧಚಂದ್ರದ ಆಕಾರದ ಸಣ್ಣ ಬಿರುಕು ಮೂಡುತ್ತದೆ. ಬೆಳಕಿಗೆ ತಿರುಗಿಸಿದರೆ ಅದು ಬೆಳ್ಳಗೆ ಮಿಂಚುತ್ತದೆ. ಇಂಥ ಚಂದ್ರಗಳು ಆಡಿದ ಗೋಲಿಯ ಮೈತುಂಬ ಇರುತ್ತವೆ, ಆದರೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಕೆಲವು ಆಳ, ಕೆಲವು ಮೇಲೆಮೇಲೆ, ಕೆಲವು ಒಂದರ ಮೇಲೊಂದು. ಎರೆ ಮಣ್ಣಿನ ಬಯಲಲ್ಲಿ ಉರುಳಿದ ಗೋಲಿಗೂ ಶಹಾಬಾದ್ ಫರಸಿಯ ಅಂಗಳದಲ್ಲಿ ಪುಟಿದ ಗೋಲಿಗೂ ಮೈ ಬೇರೆ. ಮಣ್ಣು ಗಾಜಿನ ಹೊಳಪನ್ನಷ್ಟೇ ಕುಂದಿಸುತ್ತದೆ, ಫರಸಿ ಗಾಯ ಮಾಡುತ್ತದೆ. ಕತ್ತರಿ ಗುರುತಿನ ಅಂಚುಗಳೂ ದಶಕಗಳ ಆಟದಲ್ಲಿ ನಯವಾಗಿರುತ್ತವೆ.

ನಕಲಿಗೆ ವಯಸ್ಸು ತುಂಬಿಸಲು ಮರಳಿನೊಂದಿಗೆ ಡಬ್ಬಿಯಲ್ಲಿ ಹಾಕಿ ತಿರುಗಿಸುತ್ತಾರೆ. ಆಗ ಬರುವುದು ಮೈಗೆಲ್ಲ ಒಂದೇ ಸಮನಾದ ಮಂಜು. ಚಂದ್ರಗಳಿಲ್ಲ, ಆಳ–ಮೇಲು ಎಂಬ ಭೇದವಿಲ್ಲ. ಕತ್ತರಿ ಗುರುತಿನ ಒಳತಗ್ಗಿನಲ್ಲಿ ಮಾತ್ರ ಗಾಜು ಹೊಸದರಂತೆ ಹರಿತವಾಗಿ ಉಳಿದಿರುತ್ತದೆ, ಏಕೆಂದರೆ ಮರಳು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿ, ಕೆಮ್ಮಣ್ಣು ಮೆತ್ತಿ ಒಣಗಿಸಿದ ಗೋಲಿಯನ್ನು ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ಒಂದು ಗಳಿಗೆ ಬಿಟ್ಟರೆ ಸಾಕು, ಬಣ್ಣ ಬಿಡುತ್ತದೆ. ನಿಜವಾದ ಹಳೆಯ ಕೊಳೆ ಬಿರುಕಿನ ಒಳಗೆ ಕೂತಿರುತ್ತದೆ, ಅಷ್ಟು ಸುಲಭಕ್ಕೆ ಬರುವುದಿಲ್ಲ.

ಇದರ ಇನ್ನೊಂದು ಬದಿಯೂ ನೋವಿನದೇ. ಅಸಲಿ ಹಳೆಯ ಗೋಲಿಯನ್ನು ಚೆಂದ ಕಾಣಲೆಂದು ಪಾಲಿಶ್ ಮಾಡಿಸುವವರಿದ್ದಾರೆ. ಯಂತ್ರ ಮೇಲಿನ ಪದರವನ್ನು ತಿನ್ನುತ್ತದೆ. ಚಂದ್ರಗಳು ಹೋಗುತ್ತವೆ, ಅವುಗಳ ಜೊತೆಗೆ ಕತ್ತರಿ ಗುರುತೂ ಹೋಗುತ್ತದೆ. ಹೊರಗಿನ ಬಣ್ಣದ ಎಳೆಗಳು ತೆಳುವಾಗುತ್ತವೆ. ಎರಡು ತುದಿಯ ಸಾಕ್ಷಿ ಅಳಿಸಿಹೋದ ಆ ಗೋಲಿ ಇನ್ನು ಯಾವ ಕಾಲದ್ದೆಂದು ಯಾರು ಹೇಳಬೇಕು? ಸಂಗ್ರಹಕಾರರು ಪಾಲಿಶ್ ಆದ ಗೋಲಿಗೆ ಕಡಿಮೆ ಬೆಲೆ ಕಟ್ಟುವುದು ಇದೇ ಕಾರಣಕ್ಕೆ. ಚಿನ್ನದ ಒಡವೆಗೆ ಮೆರುಗು ಕೊಡಿಸುವ ಅಭ್ಯಾಸ ಗೋಲಿಗೆ ಬೇಡವೇ ಬೇಡ.

ಅಕ್ಕಸಾಲಿಗರ ನೆರವು ಬೇಕಾಗುವುದು ಬೇರೆ ಕೆಲಸಕ್ಕೆ, ತೂಕ ನೋಡಲು. ಇಂದು ಕೈಯಿಂದ ಗೋಲಿ ಮಾಡುವ ಕಲಾವಿದರಲ್ಲಿ ಬಹಳ ಮಂದಿ ಗ್ಯಾಸ್ ಜ್ವಾಲೆಯ ಮುಂದೆ ಕೂತು, ಪ್ರಯೋಗಶಾಲೆಯ ಬೀಕರುಗಳಿಗೆ ಬಳಸುವ ಬೋರೋಸಿಲಿಕೇಟ್ ಗಾಜಿನಲ್ಲಿ ಕೆಲಸ ಮಾಡುತ್ತಾರೆ. ಅದು ಸಾಮಾನ್ಯ ಗಾಜಿಗಿಂತ ಹಗುರ. ಸಾಮಾನ್ಯ ಸೋಡಾ–ಸುಣ್ಣದ ಗಾಜು ನೀರಿಗಿಂತ ಸುಮಾರು 2.5 ಪಟ್ಟು ಭಾರ, ಬೋರೋಸಿಲಿಕೇಟ್ ಸುಮಾರು 2.23 ಪಟ್ಟು. ಸೀಸ ಬೆರೆತ ಗಾಜು 3 ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. 16 ಮಿಲಿಮೀಟರ್ ಅಡ್ಡಳತೆಯ ಗೋಲಿ ಸಾಮಾನ್ಯ ಗಾಜಿನದಾದರೆ 5.36 ಗ್ರಾಂ ಹತ್ತಿರ ತೂಗಬೇಕು, ಬೋರೋಸಿಲಿಕೇಟ್ ಆದರೆ 4.78 ಗ್ರಾಂ. ಅರ್ಧ ಗ್ರಾಮಿನ ಈ ಅಂತರ ಕೈಗೆ ತಿಳಿಯುವುದಿಲ್ಲ, ಸರಾಫ್ ಬಜಾರಿನ ತಕ್ಕಡಿಗೆ ತಿಳಿಯುತ್ತದೆ.

ಗೋಲಿ ಪೂರ್ತಿ ಗುಂಡಗಿಲ್ಲದಿದ್ದರೆ, ಕೈಗೋಲಿ ಹಾಗಿರುವುದೇ ಹೆಚ್ಚು, ಅಡ್ಡಳತೆಯ ಲೆಕ್ಕ ಕೈಕೊಡುತ್ತದೆ. ಆಗ ಚಿನ್ನದ ಕಸು ನೋಡುವ ಹಳೆಯ ಉಪಾಯ: ಮೊದಲು ಹಾಗೇ ತೂಗಿ, ಆಮೇಲೆ ದಾರಕ್ಕೆ ಕಟ್ಟಿ ನೀರಿನಲ್ಲಿ ತೂಗಾಡಿಸಿ ತೂಗಬೇಕು. ಹೊರಗೆ 5.36, ನೀರಿನಲ್ಲಿ 3.22 ಬಂದರೆ ವ್ಯತ್ಯಾಸ 2.14. ಮೊದಲನೆಯದನ್ನು ವ್ಯತ್ಯಾಸದಿಂದ ಭಾಗಿಸಿದರೆ 2.5. ಉತ್ತರ 2.2ರ ಆಸುಪಾಸಿಗೆ ಬಂದರೆ ಮಾತು ಮುಗಿಯಿತು, ಆ ಗೋಲಿ ಹೊಸದು. 2.5 ಬಂದರೆ ಹೊಸದೂ ಇರಬಹುದು, ಹಳೆಯದೂ ಇರಬಹುದು. ಮತ್ತೆ ಭೂತಗನ್ನಡಿಗೇ ಮರಳಬೇಕು.

ಟ್ರಂಕಿನ ಚೀಲದಲ್ಲಿ ಇನ್ನೊಂದು ಜಾತಿಯ ಗೋಲಿ ಇರುತ್ತದೆ, ಯಾರೂ ಅದರ ಫೋಟೊ ತೆಗೆಯುವುದಿಲ್ಲ. ಒಂದೇ ಬಣ್ಣ, ಮಸುಕು ಹಸಿರು ಅಥವಾ ನೀರಿನ ನೀಲಿ, ಒಳಗೆ ಎಳೆಯಿಲ್ಲ, ಚಿತ್ರವಿಲ್ಲ. ಅದು ಸೋಡಾ ಬಾಟಲಿಯ ಗೋಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಗೋಲಿ ಸೋಡಾ ಇಲ್ಲದ ಬೇಸಿಗೆಯೇ ಇಲ್ಲ. ಆದ್ದರಿಂದ ಈ ಊರಿನ ಗೋಲಿಯ ಚರಿತ್ರೆ ಎಂದರೆ ಅರ್ಧಕ್ಕರ್ಧ ಈ ಸಾದಾ ಗೋಲಿಯದೇ. ಲಂಡನ್ನಿನ ಕ್ಯಾಂಬರ್ವೆಲ್‌ನ ಹೈರಮ್ ಕಾಡ್ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಬಾಯಿಯ ಒಳಗೆ ರಬ್ಬರಿನ ಬಳೆ. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬುತ್ತಾರೆ. ಗೋಲಿ ಬಾಯಿಗೆ ಬಂದು ಕೂರುತ್ತದೆ, ಒಳಗಿನ ಅನಿಲದ ಒತ್ತಡ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಹೆಬ್ಬೆರಳಿನಿಂದಲೋ ಮರದ ಗುಬಟಿನಿಂದಲೋ ಒತ್ತಿದರೆ ಗೋಲಿ ಕತ್ತಿನ ಹಿಡಿತಕ್ಕೆ ಇಳಿಯುತ್ತದೆ. ಕುಡಿಯುವಾಗ ಅದು ಬಾಯಿಗೆ ಅಡ್ಡ ಬರದಂತೆ ತಡೆಯಲೆಂದೇ ಕತ್ತಿನಲ್ಲಿ ಆ ಚಿವುಟಿದ ಗುಳಿಗಳಿವೆ.

ಹಳೆಯ ಕಾಡ್ ಬಾಟಲಿಗಳೂ ಸಂಗ್ರಹಯೋಗ್ಯ. ಇಂಗ್ಲೆಂಡಿನಲ್ಲಿ ಗೋಲಿ ತೆಗೆಯಲೆಂದು ಮಕ್ಕಳು ಒಡೆದ ಬಾಟಲಿಗಳಿಗೆ ಲೆಕ್ಕವಿಲ್ಲ, ಹಾಗಾಗಿ ಅಲ್ಲಿ ಉಳಿದದ್ದಕ್ಕೆ ಬೆಲೆ. ಕಲಬುರಗಿಯ ಹುಡುಗರೂ ಅದನ್ನೇ ಮಾಡಿದವರು. ಟ್ರಂಕಿನ ಚೀಲದಲ್ಲಿರುವ ಸೋಡಾ ಗೋಲಿ ಬಂದದ್ದು ಆ ದಾರಿಯಲ್ಲೇ. ಹಳೆಯ ಬಾಟಲಿಯಲ್ಲಿ ಗಾಜು ದಪ್ಪ, ಒಳಗೆ ಗುಳ್ಳೆಗಳು. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಬದಿಯಲ್ಲಿ ಮೇಲೇರಿ ಬಾಯಿಯ ಅಂಚಿನ ಕೆಳಗೆ ನಿಂತುಬಿಡುತ್ತದೆ, ಏಕೆಂದರೆ ಗೋಲಿ ಒಳಗಿಟ್ಟ ಮೇಲೆ ಬಾಯಿಯನ್ನು ಬಿಸಿ ಮಾಡಿ ಕೈಯಿಂದ ಕಿರಿದು ಮಾಡುತ್ತಿದ್ದರು. ಆಕಾರ ನೋಡಿ ಹಳೆಯದೆನ್ನುವಂತಿಲ್ಲ. ಜಪಾನಿನಲ್ಲಿ ರಮುನೆ ಎಂಬ ಪಾನೀಯ ಇಂದಿಗೂ ಇದೇ ಬಗೆಯ ಬಾಟಲಿಯಲ್ಲಿ ಬರುತ್ತದೆ. 2025ರಲ್ಲಿ ಕೇಂದ್ರ ಸರ್ಕಾರದ ಅಪೇಡಾ ಸಂಸ್ಥೆ ಗೋಲಿ ಸೋಡಾವನ್ನು ಅಮೆರಿಕ, ಬ್ರಿಟನ್, ಯುರೋಪ್, ಕೊಲ್ಲಿ ದೇಶಗಳಿಗೆ ಕಳಿಸುವ ಕೆಲಸಕ್ಕೆ ಬೆಂಬಲ ಕೊಟ್ಟಿತು. ಹೊಸ ಬಾಟಲಿಗಳು, ಹೊಸ ಗೋಲಿಗಳು ದೊಡ್ಡ ಪ್ರಮಾಣದಲ್ಲಿ ಮತ್ತೆ ಬರುತ್ತಿವೆ.

ಸೋಡಾ ಗೋಲಿಗೆ ಹರಾಜಿನಲ್ಲಿ ಬೆಲೆಯಿಲ್ಲ ಎಂದು ಅದನ್ನು ಕಡೆಗಣಿಸುವುದನ್ನು ಒಪ್ಪಲಾಗದು. ಅನಿಲ ಸೋರದಂತೆ ಕೂರಬೇಕಾದ್ದರಿಂದ ಅದು ಆಟದ ಗೋಲಿಗಿಂತ ಕರಾರುವಾಕ್ಕಾಗಿ ಗುಂಡಗಿರಬೇಕಿತ್ತು. ಹುಡುಗರು ಹೊಡೆಯಲು ಅದನ್ನೇ ಆರಿಸುತ್ತಿದ್ದರೆ ಅದಕ್ಕೆ ಕಾರಣವಿತ್ತು: ಬಿಟ್ಟ ಗುರಿಗೆ ನೇರ ಹೋಗುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ, ಬಂದೇ ನವಾಜ್ ಉರುಸಿನಲ್ಲಿ ಬಳೆ, ಬುಗ್ಗೆಗಳ ಸಾಲಿನಲ್ಲಿ ಕೊಂಡ ಬೆಕ್ಕಿನ ಕಣ್ಣನ್ನು ಗೆಲ್ಲಲು ಇಟ್ಟು, ಸೋಡಾ ಗೋಲಿಯಿಂದ ಹೊಡೆದ ಆಟ ಅದು. ಒಂದು ಚೀಲದಲ್ಲಿ ಯಾವ ಗೋಲಿ ಎಷ್ಟಿವೆ, ಯಾವುದಕ್ಕೆ ಗಾಯ ಹೆಚ್ಚು ಎಂಬುದರಿಂದಲೇ ಒಂದು ಓಣಿಯ ಆಟವನ್ನು ಓದಬಹುದು. ಒಂದೇ ಒಂದು ಬೆಲೆಬಾಳುವ ಗೋಲಿಯನ್ನು ಹೆಕ್ಕಿ ಉಳಿದದ್ದನ್ನು ಚೆಲ್ಲಿದರೆ ಆ ಓದು ಅಲ್ಲಿಗೇ ಹೋಯಿತು.

ಕಾನೂನಿನ ಒಂದು ಮಾತನ್ನೂ ಮಾರುವವರು ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲೆ, ಕುಶಲಕಲೆಯ ವಸ್ತುಗಳು ಪ್ರಾಚ್ಯವಸ್ತು ಎನಿಸಿಕೊಳ್ಳುತ್ತವೆ. ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಅನುಮಾನವಿದ್ದಾಗ ವಸ್ತು ಪ್ರಾಚ್ಯವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯುವ ವ್ಯವಸ್ಥೆಯಿದೆ. ನೂರಿಪ್ಪತ್ತು ವರ್ಷದ ಅಸಲಿ ಗೋಲಿ ಎಂದು ಹೇಳಿಕೊಂಡು ಹೊರದೇಶಕ್ಕೆ ಪಾರ್ಸೆಲ್ ಮಾಡುವವನು ಒಂದೋ ಗಿರಾಕಿಗೆ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಕಾನೂನಿನ ತೊಡಕಿಗೆ ಕೈ ಹಾಕುತ್ತಿದ್ದಾನೆ.

ಮನೆಯಲ್ಲೇ ಇಟ್ಟುಕೊಳ್ಳುವವರ ಕೆಲಸ ಸುಲಭ. ಆಸಿಡ್ ಬೇಡ, ಹುಣಸೆಹಣ್ಣು ಬೇಡ, ಪಾತ್ರೆ ತಿಕ್ಕುವ ಪುಡಿಯಂತೂ ಬೇಡವೇ ಬೇಡ. ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಬಿಸಿ ನೀರಿಗೆ ಹಾಕಿದರೆ ಹಳೆಯ ಬಿರುಕು ಸೀಳಬಹುದು. ಗೋಲಿಗೆ ಗೋಲಿ ತಾಗದಂತೆ ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿಡಬೇಕು. ಜೊತೆಗೆ ಒಂದು ಚೀಟಿ: ಯಾವ ಊರು, ಯಾವ ಓಣಿ, ಯಾರ ಮನೆ, ಟ್ರಂಕಿನಲ್ಲಿ ಸಿಕ್ಕಿತೋ ಪಾಯದಲ್ಲಿ ಸಿಕ್ಕಿತೋ, ಪಕ್ಕದಲ್ಲಿ ಇನ್ನೇನಿತ್ತು, ಯಾವ ದಿನ. ಕಮಲಾಪುರದ ಕಣದ ಮಣ್ಣಿನಲ್ಲಿ ಸಿಕ್ಕ ಬೆಕ್ಕಿನ ಕಣ್ಣಿಗೂ ಈ ಚೀಟಿ ಬೇಕು, ಲೌಷಾದ ನೂಲುಬಲೆಗೂ ಬೇಕು. ಆಡಿದವರು ಇನ್ನೂ ಇದ್ದರೆ ಅವರನ್ನು ಕೂರಿಸಿಕೊಂಡು ಯಾವುದು ಹೊಡೆಯುವ ಗೋಲಿ, ಯಾವುದು ಗೆದ್ದದ್ದು, ಯಾವುದು ಬಾಟಲಿ ಒಡೆದು ತೆಗೆದದ್ದು ಎಂದು ಕೇಳಿ ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳಬಹುದು.